ಗೋಡೆ ಕಟ್ಟಿದವರು ಯಾರು?

ಊರಿಂದ ಬಂದ ನೆಂಟರನ್ನು ನ್ಯೂಯಾರ್ಕ್ ತೋರಿಸಲು ಕರೆದುಕೊಂಡು ಹೋಗೋದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಹೋದ ಸಲ ಸೋದರಮಾವ ಬಂದಿದ್ದರು. ಕಂಚಿನ ಗೂಳಿಯ ಮುಂದೆ ಫೋಟೋ ಆದ ಮೇಲೆ ವಾಲ್ ಸ್ಟ್ರೀಟ್‌ನಲ್ಲಿ ನಿಂತು ಕೇಳಿದರು: "ಬೀದಿಗೆ ಗೋಡೆ ಅಂತ ಹೆಸರಿಟ್ಟಿದ್ದಾರಲ್ಲೋ, ಗೋಡೆ ಎಲ್ಲಿ?" ಹತ್ತು ವರ್ಷ ಅದೇ ದಾರಿಯಲ್ಲಿ ಆಫೀಸಿಗೆ ಓಡಾಡಿದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು.

1609ರಲ್ಲಿ ಹೆನ್ರಿ ಹಡ್ಸನ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಇಲ್ಲಿಗೆ ಬಂದ. ಅವನು ಹುಡುಕುತ್ತಿದ್ದದ್ದು ಏಷ್ಯಾಕ್ಕೆ ಹತ್ತಿರದ ದಾರಿ. ಮೆಣಸು, ಮಸಾಲೆ ಸಿಗುವ ನಮ್ಮ ಕಡೆಗೆ ಹೊರಟವನಿಗೆ ಸಿಕ್ಕಿದ್ದು ಈ ನದಿ! 1624ರಿಂದ ಡಚ್ಚರು ಇಲ್ಲಿ ನೆಲೆಸಿದರು. ಊರಿನ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಮ್. 1664ರಲ್ಲಿ ಇಂಗ್ಲಿಷರು ಕಿತ್ತುಕೊಂಡು ನ್ಯೂಯಾರ್ಕ್ ಮಾಡಿದರು.

ಆದರೂ ಡಚ್ ಗುರುತು ಅಳಿಸಿಲ್ಲ. ಬ್ರೂಕ್ಲಿನ್, ಹಾರ್ಲೆಮ್ ಎರಡೂ ಹಾಲೆಂಡಿನ ಊರುಗಳ ಹೆಸರು. ನಾವು ದಿನಾ ಬೈಯುವ 'ಬಾಸ್' ಕೂಡ ಡಚ್ ಪದವೇ! ನಗರದ ಧ್ವಜದ ಕಿತ್ತಳೆ, ಬಿಳಿ, ನೀಲಿ ಅವರ ಬಣ್ಣ. ನಗರದ ಮುದ್ರೆಯಲ್ಲಿದ್ದ 1664 ಅನ್ನು 1970ರ ದಶಕದಲ್ಲಿ ತೆಗೆದು 1625 ಎಂದು ಹಾಕಿದರು. 1643ರಲ್ಲೇ ಇಲ್ಲಿ ಹದಿನೆಂಟು ಭಾಷೆ ಕೇಳಿಬರುತ್ತಿತ್ತು ಎಂದು ಒಬ್ಬ ಪಾದ್ರಿ ಬರೆದಿಟ್ಟಿದ್ದಾನೆ. ಕನ್ನಡ ಮಾತಾಡಿಕೊಂಡು ಸಬ್‌ವೇ ಹತ್ತುವ ನಮಗೆ ಇದು ಖುಷಿ ಕೊಡುವ ವಿಷಯವೇ.

ಇನ್ನು ಗೋಡೆಯ ಕಥೆ. ಇಂಗ್ಲಿಷರು ದಾಳಿ ಮಾಡಿಯಾರು ಎಂಬ ಹೆದರಿಕೆಯಿಂದ 1653ರಲ್ಲಿ ಊರಿನ ಉತ್ತರಕ್ಕೆ ಮರದ ಗೋಡೆ ಎಬ್ಬಿಸಿದರು. ಅದಕ್ಕೆ ದುಡಿದವರಲ್ಲಿ ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. ಡಚ್ ವೆಸ್ಟ್ ಇಂಡಿಯಾ ಕಂಪನಿ ಅವರಲ್ಲಿ ಮೊದಲಿಗರನ್ನು ತಂದದ್ದು 1626ರ ಸುಮಾರಿಗೆ. ಅದೇ ವರ್ಷ ಮ್ಯಾನ್‌ಹ್ಯಾಟನ್ ಅನ್ನು 60 ಗಿಲ್ಡರ್ ಬೆಲೆಗೆ ಕೊಂಡೆವು ಎಂದು ಡಚ್ಚರು ಬರೆದುಕೊಂಡರು. ಇಲ್ಲಿನ ಮೂಲನಿವಾಸಿ ಲೆನಾಪೆ ಜನ ಅದನ್ನು ಮಾರಾಟ ಎಂದುಕೊಂಡಿರಲಿಕ್ಕಿಲ್ಲ, ಜೊತೆಯಲ್ಲಿ ಬಳಸಲು ಕೊಟ್ಟ ಒಪ್ಪಿಗೆ ಎಂದುಕೊಂಡಿರಬಹುದು ಎನ್ನುತ್ತಾರೆ ಇತಿಹಾಸಕಾರರು.

1644ರಲ್ಲಿ ಹನ್ನೊಂದು ಜನ ಗುಲಾಮರು ಬಿಡುಗಡೆ ಕೇಳಿ ಅರ್ಜಿ ಹಾಕಿದರು. ಕಂಪನಿ ಕೊಟ್ಟದ್ದು ಅರ್ಧ ಸ್ವಾತಂತ್ರ್ಯ. ಊರಾಚೆ ಒಂದಿಷ್ಟು ಜಮೀನು ಸಿಕ್ಕಿತು, ಅದೂ ಮೂಲನಿವಾಸಿಗಳ ಜೊತೆ ಯುದ್ಧ ನಡೆಯುತ್ತಿದ್ದ ದಿಕ್ಕಿನಲ್ಲಿ. ವರ್ಷ ವರ್ಷ ದವಸ, ಒಂದು ಕೊಬ್ಬಿದ ಹಂದಿ ಕಟ್ಟಬೇಕು. ಕರೆದಾಗ ಬಂದು ದುಡಿಯಬೇಕು. ಮಕ್ಕಳು, ಇನ್ನು ಮುಂದೆ ಹುಟ್ಟುವವರೂ ಸೇರಿ, ಕಂಪನಿಯ ಗುಲಾಮರಾಗಿಯೇ ಇರಬೇಕು!

ಇದನ್ನು ಓದಿದಾಗ ನನ್ನ ಮನಸ್ಸು ನಮ್ಮ ವೀಸಾ ಗೋಳಿನ ಕಡೆ ಹೋಯಿತು. ಆದರೆ ಹೋಲಿಸೋದು ತಪ್ಪು. ನಾವು ಸಂಬಳಕ್ಕೆ ಬಂದವರು, ಬೇಡವೆಂದರೆ ವಾಪಸ್ ಹೋಗಬಲ್ಲವರು. ಅವರಿಗೆ ಆ ದಾರಿಯೇ ಇರಲಿಲ್ಲ. ಒಂದಂತೂ ನಿಜ: ವಲಸಿಗರು ಕಟ್ಟಿದ ನಗರ ಎಂದು ನಾವು ಹೆಮ್ಮೆಪಡುವಾಗ, ಬರಲು ಇಷ್ಟವಿಲ್ಲದೆ ಬಂದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೋಡೆಯನ್ನು 1699ರಲ್ಲಿ ಕೆಡವಿದರು, ಮಾವ. ಮುಂದಿನ ಸಲ ಬಂದಾಗ ಅಲ್ಲಿಂದ ಇನ್ನೊಂದು ಇಪ್ಪತ್ತು ನಿಮಿಷ ಉತ್ತರಕ್ಕೆ ನಡೆಯೋಣ. ಡ್ವೇನ್ ಸ್ಟ್ರೀಟ್ ಹತ್ತಿರ 1991ರಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಇಂಗ್ಲಿಷರ ಕಾಲದ ಆಫ್ರಿಕನ್ನರ ಸ್ಮಶಾನ ಸಿಕ್ಕಿತು. ಈಗ ಅದು ರಾಷ್ಟ್ರೀಯ ಸ್ಮಾರಕ. ಟಿಕೆಟ್ ಇಲ್ಲ. ಗೂಳಿಯ ಮುಂದೆ ಇರುವಷ್ಟು ನೂಕುನುಗ್ಗಲೂ ಇಲ್ಲ.