ನೆನೆದ ಹೊತ್ತಗೆಗಳ ನಗರ

ಮಳೆಗಾಲದಲ್ಲಿ ಸೂರು ಸೋರಿ ಪುಸ್ತಕದ ಬೀರು ನೆನೆದರೆ ನೀವು ಏನು ಮಾಡುವಿರಿ? ಪುಸ್ತಕಗಳನ್ನು ಸುಡುಬಿಸಿಲಿಗೆ ಹರಡುವಿರಿ. ಇಲ್ಲವೆ, ಕೆಟ್ಟುಹೋದವೆಂದು ರದ್ದಿಗೆ ಹಾಕುವಿರಿ. ಇವೆರಡೂ ಅವಸರದ ತೀರ್ಮಾನಗಳೆಂಬುದನ್ನು ಇಟಲಿಯ ಫ್ಲಾರೆನ್ಸ್ ನಗರವು ಭಾರಿ ಬೆಲೆ ತೆತ್ತು ಕಲಿಯಿತು.

ಫ್ಲಾರೆನ್ಸ್ ಮಹಾಕವಿ ಡಾಂಟೆಯ ಜನ್ಮಭೂಮಿ. ಆರ್ನೋ ನದಿ ಅದರ ನಡುವೆ ಹರಿಯುತ್ತದೆ. ೧೩೩೩ನೆಯ ನವೆಂಬರ್ ೪ರಂದು ಈ ನದಿ ಉಕ್ಕಿ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ೧೯೬೬ರಲ್ಲಿ, ಅದೇ ತಾರೀಖಿನಂದು, ಮತ್ತೊಮ್ಮೆ ಉಕ್ಕಿತು. ಕೆಲವೆಡೆ ನೀರು ೬ ಮೀಟರಿಗೂ ಮಿಕ್ಕಿ ಏರಿತು. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡಲೆಂದು ಶೇಖರಿಸಿದ್ದ ಎಣ್ಣೆಯೂ ಕೆಸರಿನೊಡನೆ ಬೆರೆಯಿತು. ನದಿಯ ದಡದಲ್ಲೇ ಇರುವ ರಾಷ್ಟ್ರೀಯ ಗ್ರಂಥಾಲಯದ ಕೆಳ ಅಂತಸ್ತುಗಳಲ್ಲಿ ಸುಮಾರು ೧೦ ಲಕ್ಷ ಗ್ರಂಥಗಳೂ ಪತ್ರಿಕೆಗಳೂ ಈ ರಾಡಿಯಲ್ಲಿ ಮುಳುಗಿದವು.

ಆಮೇಲೆ ನಡೆದುದು ನೆನೆಯತಕ್ಕ ವೃತ್ತಾಂತ. ನಾನಾ ದೇಶಗಳ ತರುಣ ತರುಣಿಯರು ಬಂದು, ಸಾಲಾಗಿ ನಿಂತು, ಕೈಯಿಂದ ಕೈಗೆ ಹೊತ್ತಗೆಗಳನ್ನು ಮೇಲಕ್ಕೆ ಸಾಗಿಸಿದರು. ಜನ ಅವರನ್ನು 'ಕೆಸರಿನ ದೇವದೂತರು' ಎಂದು ಕರೆದರು. ಒದ್ದೆ ಗ್ರಂಥಗಳಿಗೆ ಮರದ ಹೊಟ್ಟನ್ನು ಉದುರಿಸಿದರು. ಹಾಳೆಗಳ ನಡುವೆ ಮಸಿ ಹೀರುವ ಕಾಗದವನ್ನಿಟ್ಟರು. ಹೊಗೆಸೊಪ್ಪು ಒಣಗಿಸುವ ಗೂಡುಗಳನ್ನೂ ಬಳಸಿಕೊಂಡರು. ಆದರೆ ಶಾಖ ಮಿತಿಮೀರಿದರೆ ಚರ್ಮದ ಹೊದಿಕೆ ಮುದುಡುತ್ತದೆ. ನುಣುಪು ಕಾಗದ ಒಣಗುವಾಗ ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತದೆ. ಇಂಥ ಪಾಠಗಳನ್ನು ಕೂಡಿಸಿಕೊಂಡು ಹಲವು ದೇಶಗಳ ಪರಿಣತರು ಗ್ರಂಥಸಂರಕ್ಷಣೆಯನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಐವತ್ತು ವರ್ಷ ಕಳೆದ ಮೇಲೂ ಅಲ್ಲಿಯ ದುರಸ್ತಿ ಮುಗಿದಿರಲಿಲ್ಲ.

ಆ ಶಾಸ್ತ್ರದ ಸಾರ ನಮ್ಮ ಮನೆಗೂ ಸಲ್ಲುತ್ತದೆ. ಅಂಟಿಕೊಂಡ ಹಾಳೆಗಳನ್ನು ಬಲವಂತದಿಂದ ಬಿಡಿಸಬೇಡಿ. ಮಸಿಯಲ್ಲಿ ಬರೆದ ಕಾಗದವನ್ನು ಉಜ್ಜಬೇಡಿ. ನಡುನಡುವೆ ಹೀರುವ ಕಾಗದವಿಟ್ಟು, ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ ಒಣಗಿಸಿ. ಹಾಗೆಂದು ತಡಮಾಡಲೂ ಬೇಡಿ. ಎರಡೇ ದಿನಗಳಲ್ಲಿ ಬೂಷ್ಟು ಹಿಡಿಯಬಹುದು. ಒಮ್ಮೆಗೇ ಒಣಗಿಸಲಾರದಷ್ಟು ನೆನೆದಿದ್ದರೆ, ಹೆಪ್ಪುಗಟ್ಟುವಷ್ಟು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಕಾಲಾವಕಾಶ ಪಡೆಯುವುದು ಇಂದಿನ ಪದ್ಧತಿ. ಎಲ್ಲಕ್ಕೂ ಮೊದಲು, ಬೆಲೆಯುಳ್ಳದ್ದನ್ನು ನೆಲದ ಮಟ್ಟದಲ್ಲಿ ಇಡಬೇಡಿ. ಆ ಹೊತ್ತಗೆಗಳು ಮುಳುಗಿದ್ದು ಕೆಳಗಿದ್ದುದರಿಂದಲೇ ಅಲ್ಲವೇ?

ಹಿರಿಯರ ಕೈಬರಹದ ಲೆಕ್ಕದ ಪುಸ್ತಕವೋ ಮನೆಯ ವಂಶಾವಳಿಯೋ ನಿಮ್ಮ ಬೀರುವಿನಲ್ಲಿರಬಹುದು. ಅದಕ್ಕೆ ಎರಡನೆಯ ಪ್ರತಿ ಇಲ್ಲ. ಮೊದಲ ಮಳೆ ಬರುವ ಮುನ್ನವೇ ಅದನ್ನು ಒಂದು ಮೊಳ ಮೇಲಕ್ಕೆ ಏರಿಸಿ ಇಡಿ.