ಮೇಣ ಹೀರಿದ ಚರ್ಮದ ಉಂಗುರ

1657ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಒಟ್ಟೊ ಫಾನ್ ಗೆರಿಕೆ ಒಂದಕ್ಕೊಂದು ಜೋಡಿಸಿ ಒಳಗಿನ ಗಾಳಿ ತೆಗೆದ ಎರಡು ತಾಮ್ರದ ಅರ್ಧಗೋಳಗಳನ್ನು ಎರಡೂ ಬದಿಯಿಂದ ಎಂಟೆಂಟು ಕುದುರೆಗಳಿಂದ ಎಳೆಸಿದ್ದು ಪ್ರಸಿದ್ಧ. ಆ ಪ್ರಯೋಗ ನಿಂತದ್ದು ಗೋಳಗಳ ನಡುವಿನ ಚರ್ಮದ ಉಂಗುರದ ಮೇಲೆ ಎನ್ನಬೇಕು. ಲೋಹದ ಅಂಚನ್ನು ಎಷ್ಟು ಉಜ್ಜಿದರೂ ಸಣ್ಣ ಸಂದು ಉಳಿಯುತ್ತದೆ, 17ನೇ ಶತಮಾನದ ಕೈಕೆಲಸದಲ್ಲಂತೂ ಖಂಡಿತ. ಅದಕ್ಕೇ ಗೆರಿಕೆ ಚರ್ಮವನ್ನು ಮೇಣ, ಟರ್ಪೆಂಟೈನ್‌ಗಳ ಮಿಶ್ರಣದಲ್ಲಿ ನೆನೆಸಿದರು. ಹಾಗಾದರೆ ಗೋಳಗಳನ್ನು ಅಂಟಿಸಿದ್ದು ಮೇಣವೇ ಇರಬಹುದಲ್ಲ ಎಂಬ ಸಂಶಯ ಸಹಜ. ಆದರೆ ಕವಾಟ ತೆರೆದು ಗಾಳಿ ಒಳಬಿಟ್ಟೊಡನೆ ಅವೇ ಗೋಳಗಳು ಸುಲಭವಾಗಿ ಬೇರಾಗುತ್ತಿದ್ದವು, ಮೇಣ ಇದ್ದಲ್ಲೇ ಇದ್ದರೂ. ಒತ್ತಿ ಹಿಡಿದದ್ದು ಹೊರಗಿನ ಗಾಳಿ. ಮೇಣ ಅದು ಒಳನುಸುಳದಂತೆ ಸಂದು ಮುಚ್ಚಿತ್ತು. ಇದೇ ಕಾರಣಕ್ಕೆ ಗೆರಿಕೆ ಗಾಳಿ ತೆಗೆಯುವ ತಮ್ಮ ಪಂಪಿನ ಕೀಲುಗಳನ್ನು ನೀರಿನಲ್ಲಿ ಮುಳುಗಿಸಿಡುತ್ತಿದ್ದರು.