ದೋಂರೆಮಿ-ಲಾ-ಪ್ಯುಸೆಲ್

ಈಶಾನ್ಯ ಫ್ರಾನ್ಸಿನ ವೋಜ್ ಜಿಲ್ಲೆಯಲ್ಲಿ ಮ್ಯೂಸ್ ನದಿಯ ಎಡದಂಡೆಯ ಮೇಲಿರುವ ಪುಟ್ಟ ಕಮ್ಯೂನ್. ಜನಸಂಖ್ಯೆ ಇನ್ನೂರಕ್ಕಿಂತ ಕಡಿಮೆ. ಜೋನ್ ಆಫ್ ಆರ್ಕ್ (ಸು. 1412–1431) ಹುಟ್ಟೂರು. ಅವಳ ಜನ್ಮದಿನ ಜನವರಿ 6 ಎಂಬುದಕ್ಕೆ ಇರುವ ಆಧಾರ 1429ರ ಒಂದೇ ಒಂದು ಪತ್ರ. ಇಸವಿಯೂ, 1431ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ನಡೆದ ವಿಚಾರಣೆಯಲ್ಲಿ ಅವಳು ತನಗೆ ಸುಮಾರು ಹತ್ತೊಂಬತ್ತು ಎಂದದ್ದರಿಂದ ಲೆಕ್ಕ ಹಾಕಿದ್ದು.

ಅವಳು ಲೊರೇನಿನವಳೋ ಶಾಂಪೇನಿನವಳೋ ಎಂದು 19ನೇ ಶತಮಾನದ ವಿದ್ವಾಂಸರು ಬಹುಕಾಲ ಜಗಳವಾಡಿದರು. ಜಗಳದ ಮೂಲ ಊರೊಳಗಿನ ಒಂದು ತೊರೆ. ಅದರ ಒಂದು ಮಗ್ಗುಲಿನ ಮನೆಗಳು ಶಾಂಪೇನಿನ ಭಾಗವಾಗಿ ನೇರವಾಗಿ ಫ್ರಾನ್ಸಿನ ದೊರೆಗೆ ಸೇರಿದ್ದವು. ಇನ್ನೊಂದು ಮಗ್ಗುಲಿನವು ಲೊರೇನ್ ಕಡೆಯ ಬಾರ್ ಡ್ಯೂಕನವು. ತೊರೆ ಪಾತ್ರ ಬದಲಿಸಿದ್ದರಿಂದ ಜೋನಳ ಮನೆ ಯಾವ ಕಡೆಗಿತ್ತೆಂಬುದು ವಾದಕ್ಕೆ ಬಿತ್ತು. ಆದರೆ ಈ ಭಾಗದ ಮಟ್ಟಿಗೆ ಡ್ಯೂಕನೂ ಫ್ರಾನ್ಸಿನ ದೊರೆಯ ಸಾಮಂತನೇ ಆದ್ದರಿಂದ ಗದ್ದಲಕ್ಕೆ ತಕ್ಕ ಹುರುಳಿಲ್ಲ. ಊರಿನ ಒಲವಂತೂ ಸ್ಪಷ್ಟ: ಇಲ್ಲಿ ದೊರೆಯ ಎದುರಾಳಿಯಾದ ಬರ್ಗಂಡಿ ಪಕ್ಷದವನು ತನಗೆ ಗೊತ್ತಿದ್ದಂತೆ ಒಬ್ಬನೇ, ದೇವರ ಚಿತ್ತವಿದ್ದರೆ ಅವನ ತಲೆ ಹೋದರೂ ತನಗೆ ಸಂತೋಷವೇ ಎಂದು ಜೋನ್ ನ್ಯಾಯಾಧೀಶರೆದುರು ಹೇಳಿದ್ದಳು. ನದಿಯಾಚೆಯ ಮ್ಯಾಕ್ಸೆ ಬರ್ಗಂಡಿಯ ಕಡೆ. ಅಲ್ಲಿಯ ಹುಡುಗರೊಡನೆ ಕಾದಾಡಿ ಊರ ಹುಡುಗರು ರಕ್ತ ಸುರಿಸಿಕೊಂಡು ಮರಳುತ್ತಿದ್ದುದನ್ನೂ ಅವಳೇ ನೆನೆದಿದ್ದಾಳೆ.

ಅವಳ ಮೇಲಿನ ತೀರ್ಪನ್ನು ರದ್ದುಪಡಿಸುವ ಮುನ್ನ, 1456ರಲ್ಲಿ, ದೋಂರೆಮಿ ಮತ್ತು ಸುತ್ತಲಿನ 34 ಮಂದಿಯ ಹೇಳಿಕೆ ಪಡೆಯಲಾಯಿತು. ಆ ಕಾಲದ ಹಳ್ಳಿಗರ ಮಾತು ಇಷ್ಟು ವಿವರವಾಗಿ ದಾಖಲಾಗಿ ಉಳಿದಿರುವುದು ಅಪರೂಪ. ಸಂಜೆಯ ಪ್ರಾರ್ಥನೆಗೆ ಗಂಟೆ ಬಾರಿಸಲು ಮರೆತಾಗ ಹುಡುಗಿಯಿಂದ ಬೈಸಿಕೊಳ್ಳುತ್ತಿದ್ದೆ, ತಪ್ಪದೆ ಬಾರಿಸಿದರೆ ಏನಾದರೂ ಕೊಡುತ್ತೇನೆಂದು ಅವಳು ಆಸೆ ಹಚ್ಚುತ್ತಿದ್ದಳು ಎಂದು ಇಗರ್ಜಿಯಲ್ಲಿ ಗಂಟೆ ಬಾರಿಸುತ್ತಿದ್ದ ಪೆರಾಂ ಎಂಬಾತ ಹೇಳಿಕೆ ಕೊಟ್ಟ.

1429ರ ಜುಲೈಯಲ್ಲಿ ಫ್ರಾನ್ಸಿನ ದೊರೆ ಏಳನೇ ಚಾರ್ಲ್ಸ್ ಜೋನಳ ಸಲುವಾಗಿ ದೋಂರೆಮಿಗೂ ಪಕ್ಕದ ಗ್ರೋಗೂ ತೆರಿಗೆ ಮನ್ನಾ ಮಾಡಿದ. ಎರಡೂ ಊರುಗಳಿಗೆ ಇದು ಫ್ರೆಂಚ್ ಕ್ರಾಂತಿಯವರೆಗೆ ನಡೆಯಿತೆಂಬ ಬರಹಗಳು ಸರಿಯಲ್ಲ. 16ನೇ ಶತಮಾನದಲ್ಲಿ ಲೊರೇನ್ ಡ್ಯೂಕನ ಆಡಳಿತಕ್ಕೆ ಹೋದ ದೋಂರೆಮಿ ಈ ಸವಲತ್ತು ಕಳೆದುಕೊಂಡಿತು. ಗ್ರೋ ಬಹುಕಾಲ ಉಳಿಸಿಕೊಂಡಿತು.

ಜೋನಳ ಮನೆಯ ಬಾಗಿಲ ಮೇಲೆ ಗುರಾಣಿ ಲಾಂಛನಗಳೊಡನೆ 1481 ಎಂದು ಕೆತ್ತಿದೆ, ಎಂದರೆ ಅವಳು ಸತ್ತು ಐವತ್ತು ವರ್ಷಗಳ ನಂತರದ ಕೆಲಸ. 1580ರಲ್ಲಿ ಬಂದ ಫ್ರೆಂಚ್ ಲೇಖಕ ಮೊಂತೇನ್ ಮುಂಗೋಡೆಯಲ್ಲಿ ಅವಳ ಸಾಹಸಗಳ ಚಿತ್ರಗಳು ಮಾಸಿರುವುದನ್ನು ಕಂಡ. ಅಲ್ಲಿ ಅವಳ ಹೆಸರಿನಿಂದ ಕರೆಯುತ್ತಿದ್ದ ಮರವೊಂದರಲ್ಲಿ ಅವನಿಗೆ ವಿಶೇಷವೇನೂ ತೋರಲಿಲ್ಲ. ಮನೆಯನ್ನು 1818ರಲ್ಲಿ ಜಿಲ್ಲಾಡಳಿತ ಕೊಂಡಿತು. ಊರಾಚೆಯ ಬ್ವಾ-ಶ್ನ್ಯೂ ಗುಡ್ಡದ ಬೆಸಿಲಿಕಾ 1881ರಲ್ಲಿ ಆರಂಭವಾಗಿ 1926ರಲ್ಲಿ ಪ್ರತಿಷ್ಠೆಗೊಂಡಿತು.